ಗುಡಿಸಲು ಎಲ್ಲಿ ಹೋಯ್ತು?

ನನ್ನ ಮಗ ಡಿಸೈನ್ ಓದುತ್ತಿದ್ದಾನೆ. 2025ರ ಆಗಸ್ಟ್ ಕೊನೆಯಲ್ಲಿ ಒಂದು ರಾತ್ರಿ ನಾನು ಮುದ್ದೆ ತೊಳಸುತ್ತಿದ್ದಾಗ ಒಲೆ ಹತ್ತಿರವೇ ಬಂದು ಫೋನು ಹಿಡಿದ. ಅಮೆರಿಕದ ಕ್ರ್ಯಾಕರ್ ಬ್ಯಾರಲ್ ಅನ್ನುವ ಹೋಟೆಲಿನವರು ತಮ್ಮ ಲೋಗೋದಲ್ಲಿ ಪೀಪಾಯಿಗೆ ಆತು ಕೂತಿದ್ದ ಮುದುಕಪ್ಪನನ್ನು ತೆಗೆದು ಬರೀ ಹೆಸರು ಉಳಿಸಿದ್ದರಂತೆ. ಜನ ಬಾಯಿಗೆ ಬಂದ ಹಾಗೆ ಬೈದರು, ಷೇರು ಇಳಿಯಿತು, ಒಂದೇ ವಾರದಲ್ಲಿ ಮುದುಕಪ್ಪ ವಾಪಸ್ ಬಂದ. "ಒಂದು ಲೋಗೋಗೆ ಇಷ್ಟೊಂದು ಗಲಾಟೆನಾ ಅಮ್ಮ? ಜನಕ್ಕೆ ಬೇರೆ ಕೆಲಸ ಇಲ್ವಾ?" ಅಂದ.

"ನಿಮ್ಮ ಕಾಲೇಜಲ್ಲಿ ಗ್ಯಾಪ್ ಅನ್ನೋ ಬಟ್ಟೆ ಕಂಪನಿ ಲೋಗೋ ಬಗ್ಗೆ ಹೇಳಿಲ್ವಾ?" ಅಂತ ಕೇಳಿದೆ.

"ಒಂದು ಸ್ಲೈಡ್ ತೋರಿಸಿದ್ರು. ಹಳೇದು, ಹೊಸದು, ಆಮೇಲೆ ವಾಪಸ್ ಹಳೇದು. ಅಷ್ಟೆ."

ಒಂದು ಸ್ಲೈಡಂತೆ. 2010ರಲ್ಲಿ ಗ್ಯಾಪ್ ಲೋಗೋ ಬದಲಾಗಿ ವಾಪಸ್ ಬಂದ ಆ ಒಂದು ವಾರ ನನ್ನ ಕಣ್ಣ ಮುಂದೆ ನಡೆದದ್ದು. ಅದೂ ಅಮೆರಿಕದಲ್ಲಲ್ಲ, ಮೈಸೂರು ರಸ್ತೆಯಲ್ಲಿ. ಆಗ ಇವನಿಗೆ ನಾಲ್ಕು ವರ್ಷ, ಅಂಗನವಾಡಿಗೆ ಬಿಟ್ಟು ಓಡಿ ಬಸ್ ಹಿಡಿಯುತ್ತಿದ್ದೆ. ಅವನಿಗೆ ಬಾಯಲ್ಲಿ ಹೇಳಿದರೆ ಅರ್ಧ ಕೇಳಿ ಎದ್ದು ಹೋಗುತ್ತಾನೆ. ಅದಕ್ಕೆ ಬರೆಯುತ್ತಿದ್ದೇನೆ.

2010ರಲ್ಲಿ ನಾನು ಒಂದು ಎಕ್ಸ್‌ಪೋರ್ಟ್ ಗಾರ್ಮೆಂಟ್ಸ್‌ನಲ್ಲಿ ಟ್ರಿಮ್ಸ್ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಅಂಗಿಯಲ್ಲಿ ಬಟ್ಟೆ ಬಿಟ್ಟು ಬಾಕಿ ಏನೇನಿದೆಯೋ ಎಲ್ಲ ಟ್ರಿಮ್ಸೇ. ಗುಂಡಿ, ದಾರ, ಜಿಪ್, ಕಾಲರಿನ ಕ್ಯಾನ್ವಾಸ್, ವಾಶ್‌ಕೇರ್ ಲೇಬಲ್, ಹ್ಯಾಂಗ್‌ಟ್ಯಾಗ್, ಪಾಲಿಬ್ಯಾಗ್. ಇದರಲ್ಲಿ ಬ್ರ್ಯಾಂಡಿನ ಹೆಸರಿರುವ ಮೇನ್ ಲೇಬಲ್‌ಗೆ ಮಾತ್ರ ಬೀಗದ ಬೀರು. ಬಯ್ಯರ್, ಅಂದರೆ ಆರ್ಡರ್ ಕೊಡುವ ಬ್ರ್ಯಾಂಡಿನವರು, ಹೇಳಿದ ಸಪ್ಲೈಯರ್ ಹತ್ತಿರವೇ ತರಿಸಬೇಕು, ಎಣಿಸಿ ಒಳಗಿಡಬೇಕು, ಎಣಿಸಿ ಹೊಲಿಯುವ ಲೈನಿಗೆ ಕೊಡಬೇಕು, ಹಾಳಾದದ್ದನ್ನೂ ಎಣಿಸಿ ವಾಪಸ್ ತೆಗೆದುಕೊಳ್ಳಬೇಕು. ಹತ್ತು ಲೇಬಲ್ ಕಮ್ಮಿ ಬಂದರೂ ಸಂಜೆ ಮನೆಗೆ ಹೋಗುವಂತಿಲ್ಲ. ಆ ಲೇಬಲ್ ಹೊರಗೆ ಹೋದರೆ ಯಾರೋ ಯಾವುದೋ ಅಂಗಿಗೆ ಅದನ್ನು ಹೊಲಿದು ಮಾರುತ್ತಾರೆ ಅನ್ನುವ ಭಯ ಬಯ್ಯರ್‌ಗಳಿಗೆ.

ನಮ್ಮಲ್ಲಿ ಆಗ ಮೂರು ಅಮೆರಿಕನ್ ಬ್ರ್ಯಾಂಡ್‌ಗಳ ಕೆಲಸ ನಡೆಯುತ್ತಿತ್ತು, ಗ್ಯಾಪ್ ಅದರಲ್ಲೊಂದು. ಗಂಡಸರ ಶರ್ಟು. ಯೋಕ್ ಅನ್ನುವ ಭುಜದ ಪಟ್ಟಿಯ ಒಳಗೆ, ಕತ್ತಿನ ಹಿಂದೆ ಬರುವ ಲೇಬಲ್. ಕಡು ನೀಲಿ ನೆಲದ ಮೇಲೆ ಬಿಳಿಯ ಮೂರು ಇಂಗ್ಲಿಷ್ ದೊಡ್ಡಕ್ಷರ, GAP. ಎತ್ತರಕ್ಕೆ, ಸಣ್ಣಗೆ, ಕಾಲ ತುದಿಯಲ್ಲಿ ಚಿಕ್ಕ ಚಿಕ್ಕ ಪಾದ ಇರುವ ಅಕ್ಷರಗಳು. ಹೊಸ ಲಾಟ್ ಬಂದಾಗೆಲ್ಲ ಐದು ಲೇಬಲ್ ಎತ್ತಿ ಪಿಕ್ ಗ್ಲಾಸ್ ಅನ್ನುವ ಭೂತಗನ್ನಡಿ ಕೆಳಗೆ ಇಟ್ಟು ನೋಡುವುದು ನನ್ನ ಕೆಲಸ. ಬರಿಗಣ್ಣಿಗೆ ನುಣುಪಾಗಿ ಕಾಣುವ ಅಕ್ಷರ ಆ ಗಾಜಿನ ಕೆಳಗೆ ಬೇರೆಯೇ ಥರ. ಓರೆ ಗೆರೆ ಅನ್ನುವುದೇ ಅಲ್ಲಿ ಇಲ್ಲ, ಎಲ್ಲ ಮೆಟ್ಟಿಲು. ನಡುವಿನ ಎ ಅಕ್ಷರದ ಎರಡು ಕಾಲೂ ಒಂದೊಂದು ಎಳೆ ಪಕ್ಕಕ್ಕೆ ಸರಿಯುತ್ತಾ ಏಣಿಯ ಹಾಗೆ ಇಳಿಯುತ್ತವೆ. ನೂಲು ಸ್ವಲ್ಪ ದಪ್ಪ ಬಿತ್ತೋ, ನಡುವಿನ ಅಡ್ಡಗೆರೆ ಮೇಲಿನ ಸಂದು ಮುಚ್ಚಿಹೋಗುತ್ತದೆ. ಸಡಿಲ ಬಿತ್ತೋ, ಪಾದ ಮುರಿಯುತ್ತದೆ. ಆ ಮೂರು ಅಕ್ಷರವನ್ನು ಅಷ್ಟು ಹತ್ತಿರದಿಂದ ನೋಡಿದವರು ಅದನ್ನು ಬರೆದವರ ನಂತರ ನಾನೇ ಇರಬೇಕು ಅನಿಸುತ್ತಿತ್ತು.

ಆದರೆ ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಒಬ್ಬರಿದ್ದರು. ಲೈನ್ ನಾಲ್ಕರಲ್ಲಿ ಲೇಬಲ್ ಅಟ್ಯಾಚ್ ಮಾಡುತ್ತಿದ್ದ ಟೈಲರ್. ಹೆಸರು ಹಾಕಲು ಅವರನ್ನು ಕೇಳಿಲ್ಲ, ಆದ್ದರಿಂದ ಅಕ್ಕ ಅಂತಲೇ ಬರೆಯುತ್ತೇನೆ. ಕನಕಪುರದ ಕಡೆಯವರು. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಅಡುಗೆ ಮುಗಿಸಿ ಬರುತ್ತಿದ್ದರು. ಕನ್ನಡ ಕೂಡಿಸಿ ಕೂಡಿಸಿ ಓದುತ್ತಿದ್ದರು, ಇಂಗ್ಲಿಷ್ ಅಕ್ಷರ ಒಂದೂ ಗೊತ್ತಿರಲಿಲ್ಲ. ಆದರೂ ಅವರ ಕೈಯಲ್ಲಿ ಲೇಬಲ್ ತಲೆಕೆಳಗಾಗಿ ಹೊಲಿದ ಒಂದು ಶರ್ಟೂ ಚೆಕ್ಕಿಂಗ್‌ನಲ್ಲಿ ಸಿಗುತ್ತಿರಲಿಲ್ಲ. ಹೊಸ ಹುಡುಗಿಯರು, ಪಿಯುಸಿ ಓದಿದವರು, ಗಂಟೆಗೆ ಎರಡು ಮೂರು ತಪ್ಪು ಮಾಡುತ್ತಿದ್ದರು. ಲೇಬಲ್‌ಗಳು ಕಟ್ ಆಗಿ ಕಟ್ಟಿನಲ್ಲಿ ಬರುತ್ತವೆ, ಅಕ್ಕ ಎಡಗೈ ಹೆಬ್ಬೆರಳಲ್ಲಿ ಒಂದನ್ನು ಜಾರಿಸಿ, ಕ್ಷಣ ನೋಡಿ, ಮಷೀನಿನಲ್ಲಿ ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫುಟ್ ಕೆಳಗೆ ತಳ್ಳುತ್ತಿದ್ದರು. ಒಂದು ದಿನ ಪಕ್ಕ ನಿಂತು ಕೇಳಿದೆ, "ಅಕ್ಕ, ಓದಕ್ಕೆ ಬರಲ್ಲ ಅಂತೀರ, ಮೇಲು ಕೆಳಗು ಹೆಂಗೆ ಗೊತ್ತಾಗುತ್ತೆ?"

"ಓದೋದ್ಯಾಕೆ? ಮೊದಲು ಒಡೆದ ಬಳೆ. ಮಧ್ಯ ಗುಡಿಸಲು. ಕೊನೇಲಿ ಬಾವುಟ. ಗುಡಿಸಲು ಚೂಪು ಮೇಲಿದ್ರೆ ಸರಿ" ಅಂದರು. ಕೈ ನಿಲ್ಲಿಸಲಿಲ್ಲ.

ಅವತ್ತು ಸ್ಟೋರಿಗೆ ವಾಪಸ್ ಬಂದು ಲೇಬಲ್ ನೋಡಿದರೆ, ನನಗೂ ಅಕ್ಷರ ಕಾಣಲಿಲ್ಲ. ಬಳೆ, ಗುಡಿಸಲು, ಬಾವುಟ. ಇವತ್ತಿಗೂ ಹಾಗೆಯೇ ಕಾಣುತ್ತದೆ.

ಆ ಕಂಪನಿಯ ಹುಟ್ಟಿನ ಕಥೆ ನನಗೆ ಆಮೇಲೆ ಓದಿ ತಿಳಿದದ್ದು. ಡಾನ್ ಫಿಶರ್ ಅನ್ನುವವರಿಗೆ ತಮ್ಮ ಅಳತೆಯ ಜೀನ್ಸ್ ಸಿಗದೆ ಬೇಸತ್ತು, 1969ರಲ್ಲಿ ಹೆಂಡತಿ ಡೋರಿಸ್ ಜೊತೆ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅಂಗಡಿ ತೆರೆದರು. ಲೀವೈಸ್ ಜೀನ್ಸ್ ಒಂದು ಕಡೆ, ಹಾಡಿನ ರೆಕಾರ್ಡು ಇನ್ನೊಂದು ಕಡೆ. ಅಪ್ಪ ಅಮ್ಮಂದಿರ ಕಾಲಕ್ಕೂ ಮಕ್ಕಳ ಕಾಲಕ್ಕೂ ನಡುವೆ ಬಿದ್ದ ಅಂತರವನ್ನೇ ಹಿಡಿದು ಗ್ಯಾಪ್ ಅಂತ ಹೆಸರಿಟ್ಟವರು ಡೋರಿಸ್. ನಾನು ಹೇಳುತ್ತಿರುವ ನೀಲಿ ಚೌಕದ ಲೋಗೋ ಮೊದಲಿನಿಂದ ಇದ್ದದ್ದಲ್ಲ, 2010ರ ಹೊತ್ತಿಗೆ ಅದಕ್ಕೆ ಸುಮಾರು 20 ವರ್ಷ. ಒಬ್ಬ ಮನುಷ್ಯನಿಗೆ ಪ್ರಾಯ ಬರುವಷ್ಟು ಕಾಲ. ಅಂದರೆ ಆ ಚೌಕ ನೋಡಿಕೊಂಡೇ ಹುಟ್ಟಿ ಬೆಳೆದವರು ಆಗ ತಮ್ಮ ದುಡ್ಡಲ್ಲಿ ಬಟ್ಟೆ ಕೊಳ್ಳುವ ವಯಸ್ಸಿಗೆ ಬಂದಿದ್ದರು. ಡಾನ್ ಫಿಶರ್ ತೀರಿಕೊಂಡು ಬರೀ ಒಂದು ವರ್ಷವಾಗಿತ್ತು.

ಅಕ್ಟೋಬರ್ 4, ಸೋಮವಾರ. ಅವರ ವೆಬ್‌ಸೈಟಿನಲ್ಲಿ ನೀಲಿ ಚೌಕ ಇದ್ದ ಜಾಗದಲ್ಲಿ ಬೇರೆ ಏನೋ ಬಂದು ಕೂತಿತು. ಮುಂಚೆ ಒಂದು ಮಾತಿಲ್ಲ, ಜಾಹೀರಾತಿಲ್ಲ. ಬಯ್ಯರ್ ಜೊತೆ ಆರ್ಡರಿನ ವ್ಯವಹಾರ ನೋಡುವ ನಮ್ಮ ಮರ್ಚಂಡೈಸರ್ ಹುಡುಗ ಬುಧವಾರ ಬೆಳಿಗ್ಗೆ ಅದನ್ನು ನೋಡಿ, ಒಂದು ಹಾಳೆಯಲ್ಲಿ ಕಲರ್ ಪ್ರಿಂಟ್ ತೆಗೆದು, ಮೆಟ್ಟಿಲು ಇಳಿದು ನನ್ನ ಸ್ಟೋರಿಗೆ ಓಡಿ ಬಂದ. "ಮೇಡಂ, ಮೇನ್ ಲೇಬಲ್ ಸ್ಟಾಕ್ ಎಷ್ಟಿದೆ ನೋಡಿ, ಲೋಗೋ ಚೇಂಜ್ ಆಗಿದೆ."

ಬಿಳಿ ಹಾಳೆ. ಮೇಲೆ ಕಪ್ಪಿನಲ್ಲಿ ದಪ್ಪಗೆ ಗ್ಯಾಪ್ ಅಂತ. ಮೊದಲ ಅಕ್ಷರ ದೊಡ್ಡದು, ಬಾಕಿ ಎರಡು ಸಣ್ಣವು. ಹೆಲ್ವೆಟಿಕಾ ಅನ್ನುವ ಅಕ್ಷರಶೈಲಿ. ಕೊನೆಯ ಅಕ್ಷರದ ತಲೆ ಹಿಂದೆ, ಬಲಗಡೆ ಮೂಲೆಯಲ್ಲಿ, ಸಣ್ಣದೊಂದು ನೀಲಿ ಚೌಕ. ಆ ಚೌಕದ ನೀಲಿ ಒಂದೇ ಸಮ ಇರಲಿಲ್ಲ. ಒಂದು ಕಡೆ ಗಾಢ, ಇನ್ನೊಂದು ಕಡೆಗೆ ಹೋಗ್ತಾ ಹೋಗ್ತಾ ತಿಳಿ.

ನನಗೆ ಹೊಟ್ಟೆಯಲ್ಲಿ ತಣ್ಣಗಾಯಿತು. ಅದಕ್ಕೆ ಕಾರಣ ಬೇರೆ ಇತ್ತು. ಅದಕ್ಕೆ ಎರಡು ವರ್ಷ ಮುಂಚೆ ಇನ್ನೊಂದು ಬ್ರ್ಯಾಂಡು, ಹೆಸರು ಬೇಡ, ಆರ್ಡರ್ ಅರ್ಧ ಹೊಲಿದು ಮುಗಿದ ಮೇಲೆ ಲೇಬಲ್ಲಿನ ಅಕ್ಷರ ಬದಲಾಯಿಸಿತ್ತು. ಹನ್ನೊಂದು ಸಾವಿರ ಶರ್ಟು. ಅಷ್ಟರಲ್ಲೂ ಹಳೇ ಲೇಬಲ್ ಬಿಚ್ಚಿ ಹೊಸದು ಹಾಕಬೇಕು. ಬಿಚ್ಚುವುದು ಅಂದರೆ ಸುಮ್ಮನೆ ಎಳೆಯುವುದಲ್ಲ. ಸೀಮ್ ರಿಪ್ಪರ್ ತುದಿಯಲ್ಲಿ ಒಂದೊಂದೇ ಹೊಲಿಗೆ ಎಬ್ಬಿಸಿ ಕತ್ತರಿಸಬೇಕು, ಕೆಳಗಿನ ಪಾಪ್ಲಿನ್‌ಗೆ ತಗುಲಬಾರದು. ಬಿಚ್ಚಿದ ಮೇಲೆ ಸೂಜಿ ತೂತು ಸಾಲಾಗಿ ಕಾಣುತ್ತದೆ, ಇರುವೆ ನಡೆದು ಹೋದ ಹಾಗೆ. ಅದಕ್ಕೆ ಸ್ಟೀಮ್ ಕೊಟ್ಟು, ಉಗುರಿನಿಂದ ಎಳೆಯನ್ನು ಅತ್ತ ಇತ್ತ ಕೆರೆದು, ತೂತು ಮುಚ್ಚಬೇಕು. ಐದು ದಿನ ರಾತ್ರಿ ಒಂಬತ್ತರವರೆಗೆ ಕೂತಿದ್ದೆವು. ಬಿಚ್ಚಿದ ಲೇಬಲ್‌ಗಳನ್ನೆಲ್ಲ ಎಣಿಸಿ, ಬಯ್ಯರ್ ಕಡೆಯವರ ಮುಂದೆ ಕತ್ತರಿಸಿ ನಾಶ ಮಾಡಿದೆವು. ಯಾಕೆ ಬದಲಾಯಿತು ಅಂತ ನಮಗೆ ಯಾರೂ ಹೇಳಲಿಲ್ಲ. ಕೇಳುವ ಜಾಗದಲ್ಲೂ ನಾವಿರಲಿಲ್ಲ.

ಅದಕ್ಕೇ ಆ ಬುಧವಾರ ನಾನು ಮೊದಲು ಮಾಡಿದ್ದು ಸ್ಟಾಕ್ ಲೆಕ್ಕದ ಬಿನ್ ಕಾರ್ಡ್ ತೆಗೆದದ್ದು. ಸ್ಟಾಕ್ 38,400. ಎರಡನೆಯದಾಗಿ ಆ ಚೌಕವನ್ನು ನೋಡಿದ್ದು. ನೋಡುತ್ತಾ ನೋಡುತ್ತಾ ಗೊತ್ತಾಯಿತು, ಇದನ್ನು ಸರಿಯಾಗಿ ನೇಯಲು ಆಗುವುದಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮಗನ ಸ್ಲೈಡಿನಲ್ಲಿ ಇದು ಇರಲಿಲ್ಲ. ನೇಯ್ದ ಲೇಬಲ್‌ನಲ್ಲಿ ಬಣ್ಣ ಅಂದರೆ ನೂಲು. ನೀಲಿ ಬೇಕಾದರೆ ನೀಲಿ ನೂಲು, ಬಿಳಿ ಬೇಕಾದರೆ ಬಿಳಿ ನೂಲು. ಬಣ್ಣ ಹೆಚ್ಚಾದಷ್ಟೂ ಹೊಕ್ಕು, ಅಂದರೆ ಅಡ್ಡ ನೂಲು, ಹೆಚ್ಚು, ರೇಟು ಹೆಚ್ಚು, ಲೇಬಲ್ ದಪ್ಪ. ಗಾಢದಿಂದ ತಿಳಿಗೆ ಜಾರುವ ನೀಲಿ ಪರದೆ ಮೇಲೆ ಸುಲಭ, ಬೆಳಕಿನ ಆಟ. ನೂಲಿನಲ್ಲಿ ಅದಕ್ಕೆ ಮೂರು ನಾಲ್ಕು ಬೇರೆ ನೀಲಿ ಬೇಕು. ಕತ್ತಿನ ಲೇಬಲ್ಲಿನಲ್ಲಿ ಆ ಚೌಕ ಉದ್ದಿನ ಕಾಳಿಗಿಂತ ದೊಡ್ಡದಾಗಲ್ಲ. ಅಷ್ಟು ಜಾಗದಲ್ಲಿ ನಾಲ್ಕು ನೀಲಿ ಹಾಕಿದರೆ ಪಟ್ಟೆ ಪಟ್ಟೆಯಾಗಿ, ಕಲೆ ಬಿದ್ದ ಹಾಗೆ ಕಾಣುತ್ತದೆ. ಇಲ್ಲವೇ ನೇಯ್ಗೆ ಬಿಟ್ಟು ಸ್ಯಾಟಿನ್ ಮೇಲೆ ಪ್ರಿಂಟ್ ಹೊಡೆಯಬೇಕು, ಅದು ಒಗೆದ ಹಾಗೆಲ್ಲ ಮಾಸಬಹುದು. ಹಳೆಯದಕ್ಕೆ ಎರಡೇ ನೂಲು ಸಾಕಿತ್ತು. ನೀಲಿ, ಬಿಳಿ. ಬೋರ್ಡಿಗೆ ಬರೆದರೂ ಅದೇ, ಕಸೂತಿ ಹಾಕಿದರೂ ಅದೇ, ಪೇಪರ್ ಕವರಿಗೆ ಒತ್ತಿದರೂ ಅದೇ.

ಬಟ್ಟೆ ಮಾರುವವರ ಹೆಸರು ಬಟ್ಟೆಯಲ್ಲಿ ಮೂಡಬೇಕಲ್ಲವೇ? ಅದನ್ನು ಬರೆದವರು ನ್ಯೂಯಾರ್ಕಿನ ಲೇರ್ಡ್ ಅಂಡ್ ಪಾರ್ಟ್ನರ್ಸ್, ಫ್ಯಾಷನ್ ಜಾಹೀರಾತಿನಲ್ಲಿ ಹೆಸರು ಮಾಡಿದವರು. ಅವರಿಗೆ ಗೊತ್ತಿಲ್ಲದ್ದು ನನಗೆ ಗೊತ್ತು ಅನ್ನುವ ಮಾತಲ್ಲ ಇದು. ನಾನು ಹೇಳುವುದು ಇಷ್ಟೇ: ಆ ಚೌಕ ಕಂಪ್ಯೂಟರ್ ಪರದೆಯಲ್ಲಿ ಹುಟ್ಟಿ ಪರದೆಯಲ್ಲೇ ಉಳಿಯುವ ಚೌಕವಾಗಿತ್ತು. ಅಂಗಿಯ ಕತ್ತಿಗೆ ಅದು ಇಳಿದಿರಲಿಲ್ಲ.

ಮಧ್ಯಾಹ್ನ ಊಟದ ಬೆಲ್ ಆದಾಗ ಹಾಳೆ ಹಿಡಿದುಕೊಂಡು ಅಕ್ಕನ ಹತ್ತಿರ ಹೋದೆ. ಚಿತ್ರಾನ್ನದ ಡಬ್ಬಿ ತೆಗೆಯುತ್ತಿದ್ದರು. ಏನೂ ಹೇಳದೆ ಮುಂದೆ ಹಿಡಿದೆ. ತುಂಬ ಹೊತ್ತು ನೋಡಿದರು. ತಿರುಗಿಸಿ ನೋಡಿದರು. "ಇದು ಯಾವ ಕಂಪನಿದು?" ಅಂದರು.

"ಅದೇ ಕಂಪನಿ ಅಕ್ಕ. ಲೇಬಲ್ ಇನ್ನು ಮುಂದೆ ಹಿಂಗೆ ಬರಬಹುದು."

"ಗುಡಿಸಲು ಎಲ್ಲಿ ಹೋಯ್ತು?"

ಸಣ್ಣ ಎ ಅಕ್ಷರಕ್ಕೆ ಚೂಪು ಇಲ್ಲವಲ್ಲ. ಬೆನ್ನು ಬಗ್ಗಿದ ಅಜ್ಜಿಯ ಹಾಗಿದೆ ಅದು. ಅಕ್ಕ ಕೊನೆಯ ಅಕ್ಷರದ ಮೇಲೆ ಬೆರಳಿಟ್ಟರು. ಸಣ್ಣ ಪಿ ಸಾಲಿಗಿಂತ ಕೆಳಕ್ಕೆ ಇಳಿಯುತ್ತದೆ. "ಬಾವುಟಾನೂ ಅರ್ಧಕ್ಕೆ ಇಳಿಸವ್ರೆ. ಯಾರಾದ್ರೂ ತೀರ್ಕೊಂಡ್ರಾ?" ಅಂತ ನಿಜವಾಗಿಯೂ ಕೇಳಿದರು. ಫಿಶರ್ ವಿಷಯ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆ.

ಆಮೇಲೆ ಅವರು ಕೇಳಿದ ಇನ್ನೊಂದು ಪ್ರಶ್ನೆ ಕೆಲಸದ್ದು. "ಇದನ್ನ ಮೇಲು ಕೆಳಗು ಹೆಂಗೆ ಹಿಡೀಲಿ?" ನಾನು ಆ ನೀಲಿ ಚೌಕ ಬಲಗಡೆ ಮೇಲೆ ಬರಬೇಕು ಅಂದೆ. ಸರಿ ಅಂದರು. ಆದರೆ ಹಾಳೆಯನ್ನು ಮತ್ತೆ ಮುಟ್ಟಲಿಲ್ಲ.

ಅಮೆರಿಕದಲ್ಲಿ ಅಷ್ಟು ಹೊತ್ತಿಗೆ ಗಲಾಟೆ ಎದ್ದಿತ್ತು. ಅವರ ಫೇಸ್‌ಬುಕ್ ಪುಟದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಬರೆದರು, ಹೆಚ್ಚಿನದೆಲ್ಲ ಬೈಗುಳ. ಟ್ವಿಟರ್‌ನಲ್ಲಿ ಯಾರೋ ಆ ಲೋಗೋದ ಹೆಸರಲ್ಲೇ ಖಾತೆ ತೆರೆದು, ತಾನೇ ಲೋಗೋ ಅನ್ನುವಂತೆ ಮಾತಾಡಿಸಿದರು. ಯಾವ ಹೆಸರು ಕೊಟ್ಟರೂ ಅದೇ ಥರ ಕಪ್ಪಕ್ಷರ, ಮೂಲೆಯಲ್ಲಿ ನೀಲಿ ಚೌಕ ಇಟ್ಟು ಕೊಡುವ ವೆಬ್‌ಸೈಟ್ ಒಂದು ಬಂತು. ಜನ ಸಾವಿರಾರು ಸಂಖ್ಯೆಯಲ್ಲಿ ಮಾಡಿಕೊಂಡು ನಕ್ಕರು. ಆ ನಗುವಿನಲ್ಲಿ ಒಂದು ಸತ್ಯವಿತ್ತು. ಯಾವ ಹೆಸರಿಗೆ ಬೇಕಾದರೂ ಹೊಂದುವ ಉಡುಪು ಯಾರ ಅಳತೆಗೂ ಹೊಲಿದದ್ದಲ್ಲ. ಹೆಲ್ವೆಟಿಕಾ ಕೆಟ್ಟ ಅಕ್ಷರವಲ್ಲ. 1957ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ್ದು, ಲೋಕದ ಅರ್ಧ ಬೋರ್ಡುಗಳಲ್ಲಿ ಅದಿದೆ. ತೊಂದರೆ ಅದೇ. ಅಮೆರಿಕನ್ ಅಪಾರೆಲ್ ಅನ್ನುವ ಇನ್ನೊಂದು ಬಟ್ಟೆ ಕಂಪನಿ ಮೊದಲೇ ಅದನ್ನು ಹಾಕಿಕೊಂಡು ಕೂತಿತ್ತು.

ನನಗೆ ಇಷ್ಟವಾಗದ್ದು ಆ ಗಲಾಟೆಯ ಒಂದು ಭಾಗ. ಡಿಸೈನ್ ಮಾಡಿದವರಿಗೆ ಕಣ್ಣೇ ಇಲ್ಲ, ತಲೆಯೇ ಇಲ್ಲ ಅಂತೆಲ್ಲ ಬರೆದಿದ್ದರು. ಒಬ್ಬರು ಕೂತು ಮಾಡಿದ ಕೆಲಸ ಅದು, ಒಪ್ಪಿಗೆ ಕೊಟ್ಟವರು ಬೇರೆ. ಫ್ಯಾಕ್ಟರಿಯಲ್ಲೂ ಹಾಗೇ ಆಗುತ್ತದೆ. ಸ್ಯಾಂಪಲ್ ಓಕೆ ಮಾಡಿದವರು ಮೇಲೆ ಇರುತ್ತಾರೆ, ಬೈಗುಳ ಹೊಲಿದವರಿಗೆ.

ಮತ್ತೆ ಆ ಬುಧವಾರವೇ ಕಂಪನಿ ಇನ್ನೊಂದು ಹೆಜ್ಜೆ ಇಟ್ಟಿತು, ನನ್ನ ಪ್ರಕಾರ ಮೊದಲನೆಯದಕ್ಕಿಂತ ಕೆಟ್ಟದ್ದು. ಲೋಗೋ ಬಗ್ಗೆ ಇಷ್ಟು ಚರ್ಚೆ ಆಗುತ್ತಿರುವುದು ಸಂತೋಷ, ನಮಗೆ ನಮ್ಮದು ಇಷ್ಟವೇ, ಆದರೂ ನಿಮ್ಮ ಡಿಸೈನ್‌ಗಳನ್ನೂ ಕಳಿಸಿ ಅನ್ನುವ ಅರ್ಥದಲ್ಲಿ ಫೇಸ್‌ಬುಕ್ಕಿನಲ್ಲಿ ಬರೆದರು. ಮೊದಲು ಕೇಳಿದಾಗ ಒಳ್ಳೆಯದೇ ಅಲ್ಲವಾ, ಜನರನ್ನು ಕೇಳುತ್ತಿದ್ದಾರಲ್ಲ ಅಂದುಕೊಂಡೆ. ಮರ್ಚಂಡೈಸರ್ ಹುಡುಗ ಅದನ್ನು ಓದಿ ಹೇಳಿ, "ದುಡ್ಡಿನ ಮಾತೇ ಇಲ್ಲ ಮೇಡಂ" ಅಂದ. ಆಗ ಅರ್ಥವಾಯಿತು. ನಮ್ಮ ಏರಿಯಾದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುವವರಿಗೆ ಈ ಮಾತು ಹೊಸದಲ್ಲ. "ಒಂದು ಹೊಲಿದು ತೋರಿಸಮ್ಮ, ಚೆನ್ನಾಗಿದ್ರೆ ನಿನಗೇ ಕೊಡ್ತೀನಿ." ಹತ್ತು ಜನರ ಹತ್ತಿರ ಹೀಗೆ ಹೊಲಿಸಿಕೊಂಡರೆ ಒಂಬತ್ತು ಜನರ ದಾರ, ಕಣ್ಣು, ಕರೆಂಟು ಬಿಟ್ಟಿ. ಅಮೆರಿಕದ ಡಿಸೈನರ್‌ಗಳ ಸಂಘ ಎಐಜಿಎ ಇದನ್ನು ಬಹಿರಂಗವಾಗಿ ಆಕ್ಷೇಪಿಸಿತು. ಗ್ರಾಹಕರ ಸಿಟ್ಟಿನ ಜೊತೆ ಕಸುಬಿನವರ ಸಿಟ್ಟೂ ಸೇರಿಕೊಂಡದ್ದು ಅಲ್ಲಿಂದ.

ಗುರುವಾರ, ಅಕ್ಟೋಬರ್ 7ರಂದು, ಉತ್ತರ ಅಮೆರಿಕದ ಗ್ಯಾಪ್ ವಿಭಾಗದ ಅಧ್ಯಕ್ಷೆ ಮಾರ್ಕಾ ಹ್ಯಾನ್ಸೆನ್ ಸುದ್ದಿ ವೆಬ್‌ಸೈಟ್ ಹಫಿಂಗ್ಟನ್ ಪೋಸ್ಟ್‌ನಲ್ಲಿ ಲೇಖನ ಬರೆದರು. ಕಂಪನಿ ಬದಲಾಗುತ್ತಿದೆ, ಅಂಗಡಿ, ಬಟ್ಟೆ ಎಲ್ಲ ಹೊಸದಾಗುತ್ತಿದೆ, ಹೆಸರೂ ಅದರ ಜೊತೆ ಹೊಸದಾಗಬೇಕು ಅನ್ನುವುದು ಅವರ ವಾದದ ತಿರುಳು. ಅವರ ಸಂಕಟ ನನಗೆ ಅರ್ಥವಾಗುತ್ತದೆ. 2008ರ ಆರ್ಥಿಕ ಕುಸಿತದ ಹೊಡೆತ ನಮ್ಮ ಲೈನ್‌ಗಳಿಗೂ ತಟ್ಟಿತ್ತು. ಆರ್ಡರ್ ಕಮ್ಮಿಯಾಗಿ ಎಷ್ಟೋ ಜನ ಕೆಲಸ ಬಿಟ್ಟು ಊರಿಗೆ ಹೋದರು. ಜಾರಾ, ಎಚ್ ಅಂಡ್ ಎಂ ಥರದ ಬಟ್ಟೆ ಕಂಪನಿಯವರು ವಾರ ವಾರ ಹೊಸ ಮಾಲು ಇಳಿಸುತ್ತಿದ್ದರು. ಗ್ಯಾಪ್ ಅಂಗಡಿಗೆ ಜನ ಬರುವುದು ಕಡಿಮೆಯಾಗಿತ್ತು. ಆದರೆ ಅಂಗಿ ಸರಿ ಇಲ್ಲ ಅಂತ ಜನ ಬರದಿದ್ದರೆ ಸರಿ ಮಾಡಬೇಕಾದದ್ದು ಅಂಗಿ. ಆ ಲೋಗೋ ಬಂದ ವಾರವೂ ನಾವು ಹೊಲಿಯುತ್ತಿದ್ದದ್ದು ಅದೇ ಪ್ಯಾಟರ್ನ್, ಅದೇ ಕಾಲರ್, ಅದೇ ಚೆಕ್ಸ್. ಹೊಸ ಬಟ್ಟೆ ಬಂದ ಮೇಲೆ ಹೊಸ ಹೆಸರು ಬರೆದಿದ್ದರೆ ಜನ ಇಷ್ಟು ಸಿಟ್ಟಾಗುತ್ತಿರಲಿಲ್ಲ ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಮನೆ ದುರಸ್ತಿ ಮಾಡದೆ ಬಾಗಿಲಿನ ಹೆಸರು ಮಾತ್ರ ಅಳಿಸಿದ ಹಾಗಾಯಿತು.

ಅಕ್ಟೋಬರ್ 11, ಸೋಮವಾರ. ಆ ದಿನ ಬೆಂಗಳೂರಿನಲ್ಲಿ ಯಾರಿಗೂ ಲೋಗೋ ನೆನಪಿರುವ ಹಾಗಿರಲಿಲ್ಲ. ವಿಧಾನಸಭೆಯಲ್ಲಿ ಯಡಿಯೂರಪ್ಪನವರ ವಿಶ್ವಾಸಮತ, ಹಿಂದಿನ ದಿನವೇ 16 ಶಾಸಕರ ಅನರ್ಹತೆ, ಟಿವಿಯಲ್ಲಿ ತಳ್ಳಾಟ ನೂಕಾಟ. ಇನ್ನೊಂದು ಕಡೆ ಚಿನ್ನಸ್ವಾಮಿಯಲ್ಲಿ ಆಸ್ಟ್ರೇಲಿಯಾ ಟೆಸ್ಟು, ಸಚಿನ್ 214 ಹೊಡೆದ ಇನಿಂಗ್ಸ್. ಕಟಿಂಗ್ ಸೆಕ್ಷನ್ ಹುಡುಗರು ರೇಡಿಯೋ ಕಿವಿಗಿಟ್ಟುಕೊಂಡೇ ಬಟ್ಟೆಯ ಪದರ ಹಾಸುತ್ತಿದ್ದರು. ಗಲಾಟೆ ಆಗಬಹುದು ಅಂತ ನಮ್ಮನ್ನು ಅರ್ಧ ಗಂಟೆ ಮುಂಚೆ ಬಿಟ್ಟರು.

ಅದೇ ದಿನ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹ್ಯಾನ್ಸೆನ್ ಪ್ರಕಟಣೆ ಬಂತು. ನೀಲಿ ಚೌಕ ವಾಪಸ್. ಗ್ರಾಹಕರ ಮಾತು ಕೇಳಿದ್ದೇವೆ, ನಾವು ಇದನ್ನು ಮಾಡಿದ ರೀತಿ ಸರಿಯಲ್ಲ, ಜನರಿಂದ ಡಿಸೈನ್ ಕೇಳಲು ಇದು ಸರಿಯಾದ ಹೊತ್ತೂ ಅಲ್ಲ ಅಂತ ಒಪ್ಪಿಕೊಂಡಿದ್ದರು. ಹೊಸ ಲೋಗೋ ಬದುಕಿದ್ದು ಒಂದು ವಾರ. ಒಂದೇ ಒಂದು ಅಂಗಿಯ ಕತ್ತಿಗೂ ಅದನ್ನು ನಾವು ಹೊಲಿಯಲಿಲ್ಲ. 2011ರ ಫೆಬ್ರವರಿಯಲ್ಲಿ ಹ್ಯಾನ್ಸೆನ್ ಹುದ್ದೆ ಬಿಟ್ಟರು. ತಪ್ಪಾಯಿತು ಅಂತ ಒಂದು ವಾರದೊಳಗೆ ಎಲ್ಲರೆದುರು ಹೇಳಿದ ಆ ಹೆಂಗಸಿನ ಬಗ್ಗೆ ನನಗೆ ಗೌರವವಿದೆ. ಹನ್ನೊಂದು ಸಾವಿರ ಶರ್ಟು ಬಿಚ್ಚಿಸಿದವರು ಅಷ್ಟು ಹೇಳಿರಲಿಲ್ಲ.

ನಮ್ಮ ಬೆಂಗಳೂರಿನಲ್ಲೇ ಲೋಗೋ ಜಗಳವೊಂದು 2021ರ ಜನವರಿಯಲ್ಲಿ ಆಯಿತು. ಮಿಂತ್ರ ಇಲ್ಲಿಯದೇ ಕಂಪನಿ, ಬಟ್ಟೆಯನ್ನೇ ಮಾರುವುದು. ಅದರ ಎಂ ಅಕ್ಷರ ಹೆಣ್ಣಿನ ಬಗ್ಗೆ ಅಸಭ್ಯವಾಗಿ ಕಾಣುತ್ತದೆ ಅಂತ ಮುಂಬೈನ ಒಬ್ಬ ಮಹಿಳೆ ಸೈಬರ್ ಪೊಲೀಸರಿಗೆ ದೂರು ಕೊಟ್ಟಿದ್ದರು. ಕಂಪನಿ ವೆಬ್‌ಸೈಟು, ಆ್ಯಪ್ಪು, ಪಾರ್ಸೆಲ್ ಕವರು ಎಲ್ಲ ಕಡೆ ಬದಲಾಯಿಸುವುದಾಗಿ ಒಪ್ಪಿತು. ಆಗ ಜನ ತಿರುಗಿಬಿದ್ದದ್ದು ಕಂಪನಿ ಮೇಲಲ್ಲ, ದೂರು ಕೊಟ್ಟವರ ಮೇಲೆ. ಏನು ಕೆಟ್ಟ ಕಣ್ಣು ಅಂತ ಅವರನ್ನು ಆಡಿಕೊಂಡರು. ಆದರೆ ಆ ಸುದ್ದಿ ಓದಿದ ಮೇಲೆ ನಮ್ಮ ಸ್ಟೋರಿನ ಹುಡುಗಿಯರೆಲ್ಲ ಒಂದೇ ಮಾತು ಹೇಳಿದರು: "ಮೇಡಂ, ಇಷ್ಟು ದಿನ ಕಂಡಿರ್ಲಿಲ್ಲ, ಈಗ ಅದೇ ಕಾಣುತ್ತೆ." ನನಗೆ ಗುಡಿಸಲು ಕಂಡ ಹಾಗೆ. ಒಂದು ಸಲ ಒಬ್ಬರು ತೋರಿಸಿದರೆ ಕಣ್ಣು ಮರೆಯುವುದಿಲ್ಲ. ಆ ದೂರು ಕೊಟ್ಟವರನ್ನು ಹೀಯಾಳಿಸಿದ್ದು ನನಗೆ ಸರಿ ಕಾಣಲಿಲ್ಲ, ಅವರು ತಮಗೆ ಕಂಡದ್ದನ್ನು ಹೇಳಿದರು.

ಮಗನಿಗೆ ಇದನ್ನೇ ಹೇಳಬೇಕಿತ್ತು. ಜನ ಸಿಟ್ಟಾದದ್ದು ಬೇರೆ ಕೆಲಸ ಇಲ್ಲದೆ ಅಲ್ಲ. ಇಪ್ಪತ್ತು ವರ್ಷ ಒಂದು ಆಕಾರವನ್ನು ನೋಡಿದವರಿಗೆ ಅದು ಅಕ್ಷರವಾಗಿ ಉಳಿದಿರುವುದಿಲ್ಲ, ಗುರುತಾಗಿರುತ್ತದೆ. ಓದಲು ಬರುವವರಿಗೂ, ಬರದವರಿಗೂ. ಅಮೆರಿಕದ ಲೆಕ್ಕದಲ್ಲಿ ಆ ವಾರ ಸಿಟ್ಟಾದವರು ಗ್ರಾಹಕರು, ಡಿಸೈನರ್‌ಗಳು. ಅಕ್ಕ ಯಾವ ಲೆಕ್ಕದಲ್ಲೂ ಇರಲಿಲ್ಲ. ಫೇಸ್‌ಬುಕ್ ಅನ್ನುವುದನ್ನೇ ಅವರು ನೋಡಿರಲಿಲ್ಲ. ಆದರೆ ದಿನಕ್ಕೆ ನಾನೂರು ಐನೂರು ಸಲ ಆ ಹೆಸರನ್ನು ಕೈಯಲ್ಲಿ ಹಿಡಿದು ನೆಟ್ಟಗೆ ಮಾಡಿ ಹೊಲಿದವರು ಅವರು. ಹೊಸದರಲ್ಲಿ ಏನು ಕಳೆದುಹೋಗಿದೆ ಅಂತ ಮೊದಲ ನೋಟದಲ್ಲೇ ಹೇಳಿದವರೂ ಅವರೇ.

2010ರ ಚಳಿಗಾಲದಲ್ಲಿ ಮಗನಿಗೆ ಫುಟ್‌ಪಾತಿನಲ್ಲಿ ಎಕ್ಸ್‌ಪೋರ್ಟ್ ಸರ್ಪ್ಲಸ್ ರಾಶಿಯಿಂದ ಒಂದು ಸ್ವೆಟರ್ ಕೊಂಡೆ. ಸರ್ಪ್ಲಸ್ ಮಾಲಿನ ಲೇಬಲ್ಲನ್ನು ಅರ್ಧಕ್ಕೆ ಸೀಳಿರುತ್ತಾರೆ, ಅದು ಅಂಗಡಿಗೆ ವಾಪಸ್ ಹೋಗದಿರಲಿ ಅಂತ. ಕತ್ತಿನ ಹತ್ತಿರ ಉಳಿದದ್ದು ನೀಲಿಯ ತುಂಡು, ಅದರಲ್ಲಿ ಗುಡಿಸಲಿನ ಒಂದು ಪಕ್ಕ. ಅಷ್ಟರಲ್ಲೇ ಯಾರದು ಅಂತ ಗೊತ್ತಾಯಿತು. ಗ್ಯಾಪ್ ಭಾರತಕ್ಕೆ ಅಂಗಡಿಯಾಗಿ ಬಂದದ್ದು 2015ರಲ್ಲಿ, ಮೊದಲನೆಯದು ದೆಹಲಿಯಲ್ಲಿ. ಅಷ್ಟರಲ್ಲಿ ನಾವು ಅದೆಷ್ಟು ವರ್ಷದಿಂದ ಹೊಲಿಯುತ್ತಿದ್ದೆವೋ.

ಆ 2010ರ ಅಕ್ಟೋಬರ್ 12ನೇ ತಾರೀಕು ಬೆಳಿಗ್ಗೆ ಮರ್ಚಂಡೈಸರ್ ಬಂದು ಹಳೇದೇ ಅಂತೆ ಮೇಡಂ ಅಂದ. ನಾನು ಬೀರು ತೆಗೆದು ಲೈನ್ ನಾಲ್ಕಕ್ಕೆ 1,200 ಲೇಬಲ್ ಎಣಿಸಿ, ನಾನೇ ತೆಗೆದುಕೊಂಡು ಹೋಗಿ ಅಕ್ಕನ ಮಷೀನ್ ಪಕ್ಕ ಇಟ್ಟೆ. ಒಂದನ್ನು ಎತ್ತಿ ನೋಡಿದರು. ನನ್ನ ಮುಖ ನೋಡಿದರು. ಏನೂ ಹೇಳದೆ ಪ್ರೆಸರ್ ಫುಟ್ ಎತ್ತಿದರು.

ಆ ಶನಿವಾರ ಆಯುಧಪೂಜೆ. ಲೈನಿನವರು ದುಡ್ಡು ಹಾಕಿ ಸಾಮಾನು ತರಬೇಕಿತ್ತು, ಬರೆದುಕೊಳ್ಳಲು ಅಕ್ಕ ಹಾಳೆ ಕೇಳಿದರು. ಕೈಗೆ ಸಿಕ್ಕಿದ್ದು ಆ ಕಲರ್ ಪ್ರಿಂಟೇ. ಅದು ಇನ್ನೂ ನನ್ನ ಹತ್ತಿರ ಇದೆ, ಮೊನ್ನೆ ಮಗನಿಗೆ ತೆಗೆದು ತೋರಿಸಿದೆ. ಒಂದು ಕಡೆ ಆ ಕಪ್ಪಕ್ಷರ, ಮೂಲೆಯಲ್ಲಿ ಜಾರುವ ನೀಲಿ. ಹಿಂದುಗಡೆ ಅಕ್ಕನ ಕೈಬರಹದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ: ಬೂದುಗುಂಬಳ 2, ನಿಂಬೆಹಣ್ಣು 60, ಬಾಳೆಕಂದು 1 ಜೊತೆ, ಸೇವಂತಿಗೆ 8 ಮೊಳ, ಕರ್ಪೂರ, ಕಡಲೆಪುರಿ.